ಅಕ್ಕನ ಕರಡಿಗೆ ಮತ್ತು ದೊಡ್ಡ ಅಯಸ್ಕಾಂತ

ನನ್ನ ಅಕ್ಕ ನೀಲಮ್ಮಣ್ಣಿಯ ಕೊರಳಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಬೆಳ್ಳಿಯ ಕರಡಿಗೆ ಇದೆ. ಅದರ ಮೇಲೆ ಅಕ್ಕಸಾಲಿ ಕೊರೆದಿದ್ದ ಬಳ್ಳಿಯ ಚಿತ್ತಾರ ವರ್ಷಗಟ್ಟಲೆ ಸೀರೆಗೆ ಉಜ್ಜಿ ಮಾಸಿಹೋಗಿ, ಈಗ ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ತಿಳಿಯುವಷ್ಟು ಉಳಿದಿದೆ. ಅದರ ಒಳಗೆ, ಬಿಳಿಯ ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗ. ನಮ್ಮದು ಲಿಂಗ ಕಟ್ಟುವ ಮನೆತನ. ಹುಟ್ಟಿದ ಕೂಸಿಗೆ ಗುರುವಿನ ಕೈಯಿಂದ ಲಿಂಗ ಕಟ್ಟಿಸುತ್ತೇವೆ, ಅಲ್ಲಿಂದಾಚೆಗೆ ಅದು ಮೈಯಿಂದ ಅಗಲಬಾರದು, ಕಡೆಗೆ ಮಣ್ಣಿಗೆ ಹೋಗುವಾಗಲೂ ಅದು ಜೊತೆಯಲ್ಲೇ ಹೋಗಬೇಕು. ಅವ್ವ ಗದ್ದೆಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕ. ಅತ್ತಾಗ ಆ ಕರಡಿಗೆಯೇ ನನಗೆ ಗಿಲಕಿಯಾಗಿತ್ತಂತೆ, ನಿದ್ದೆ ಬಂದಾಗ ಅದರ ಅಂಚು ಕೆನ್ನೆಗೆ ಒತ್ತಿ ಗುರುತು ಮೂಡುತ್ತಿತ್ತಂತೆ. ಈಗಲೂ ನಾಲ್ಕು ಜನ ಸೇರಿದ ಕಡೆ ಅದನ್ನು ಹೇಳಿ ನನ್ನ ಮಾನ ಕಳೆಯುವುದೆಂದರೆ ಅವಳಿಗೆ ಬಹಳ ಇಷ್ಟ.

ನನ್ನ ಕೊರಳಲ್ಲಿ ಲಿಂಗವಿಲ್ಲ. ಕಾಲೇಜಿಗೆ ಸೇರಿದ ಮೇಲೆ ಯಾವುದೋ ಒಂದು ರಜೆಯಲ್ಲಿ ಅದನ್ನು ತೆಗೆದು ದೇವರ ಗೂಡಿನಲ್ಲಿಟ್ಟೆ. ಜಗಳವಿಲ್ಲ, ಘೋಷಣೆಯಿಲ್ಲ. ನಂಬಿಕೆ ಹೋದಮೇಲೆ ಗುರುತನ್ನು ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು, ಅಷ್ಟೆ. ಅಪ್ಪ ಬೇಸರಪಟ್ಟರು; ಅಕ್ಕ ಮಾತ್ರ, ತಗ್ದ್ಯಾ, ಸರಿ, ಊಟ ಮಾಡು ಅಂದಳು. ಆಮೇಲೆ ನಾನು ಹುಣಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಮೇಷ್ಟ್ರಾದೆ, ಅವಳು ಕೃಷ್ಣರಾಜನಗರದ ಹೊಸ ಅಗ್ರಹಾರದ ಕಡೆ ನೀರಾವರಿ ಗದ್ದೆಯ ಮನೆಗೆ ಸೊಸೆಯಾಗಿ ಹೋಗಿದ್ದಳು. ಧರ್ಮವೂ ವಿಜ್ಞಾನವೂ ಒಂದೇ ಮನೆಯ ಎರಡು ಕೋಣೆಗಳು, ನಡುವೆ ಗೋಡೆ ಗಟ್ಟಿಯಿದ್ದರೆ ಯಾರಿಗೂ ತೊಂದರೆಯಿಲ್ಲ ಎಂಬ ಒಂದು ಸಿದ್ಧಾಂತವನ್ನು ನಾನು ಬಹಳ ಕಾಲ ಸಾಕಿಕೊಂಡಿದ್ದೆ. ನೀವೂ ಇಂಥದ್ದೇ ಯಾವುದೋ ರಾಜಿ ಮಾಡಿಕೊಂಡಿರುತ್ತೀರಿ. ಇಲ್ಲದಿದ್ದರೆ ಈ ಕಾಲದಲ್ಲಿ ಹಬ್ಬದೂಟಕ್ಕೆ ಕೂರುವುದೇ ಕಷ್ಟ.

ನನ್ನ ಆ ಸಿದ್ಧಾಂತಕ್ಕೆ ನಮ್ಮ ಸೀಮೆಯ ಹೊಗೆಸೊಪ್ಪಿನ ಬ್ಯಾರನ್ನುಗಳೇ ಆಧಾರ. ಹುಣಸೂರು, ಪಿರಿಯಾಪಟ್ಟಣದ ಕಡೆ ಬಂದವರು ಹೊಲಗಳ ನಡುವೆ ಎತ್ತರದ ಒಂಟಿ ಕಟ್ಟಡಗಳನ್ನು ನೋಡಿರುತ್ತೀರಿ, ಹಸಿ ಸೊಪ್ಪನ್ನು ತೂಗುಹಾಕಿ ಬಿಸಿಗಾಳಿಯಲ್ಲಿ ಹದಮಾಡುವ ಜಾಗ ಅವು. ವೀರನಹೊಸಹಳ್ಳಿಯ ದಾರಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಒಲೆ ಹಚ್ಚುವ ದಿನ ಒಲೆಯ ಬಾಯ ಮೇಲೆ ವಿಭೂತಿಯ ಗೆರೆಗಳನ್ನೆಳೆದು, ಕಾಯಿ ಒಡೆದು, ಕಣ್ಣುಮುಚ್ಚಿ ಕೈಮುಗಿದು, ಕಣ್ಣು ತೆರೆದವರೇ ನೇರ ಗೋಡೆಯ ಗಾಜಿನ ಕಿಂಡಿಗೆ ಹೋಗಿ ಥರ್ಮಾಮೀಟರ್ ನೋಡಿದರು. ಇವೆರಡರಲ್ಲಿ ಸೊಪ್ಪನ್ನು ಹದಮಾಡುವುದು ಯಾವುದು ಎಂದು ಕೇಳಬೇಕೆನ್ನಿಸಿತು, ಮೇಷ್ಟ್ರ ಚಾಳಿ ನೋಡಿ, ಕೇಳಿಯೇಬಿಟ್ಟೆ. ಅವರು ಕಿಂಡಿಯಿಂದ ಕಣ್ಣು ತೆಗೆಯದೆ, "ನೀವೊಳ್ಳೆ ಕೇಳಿದ್ರಿ ಕಣ್ ಮೇಷ್ಟ್ರೆ. ಡಿಗ್ರಿ ನೋಡಕ್ಕೆ ಇದು, ಎದೆ ಡವಗುಟ್ಟದ್ನ ತಡಕಳಕ್ಕೆ ಅದು" ಎಂದರು. ಎಷ್ಟು ಅಚ್ಚುಕಟ್ಟು ಅನ್ನಿಸಿತು ನನಗೆ. ಒಂದು ಕೋಣೆಯಲ್ಲಿ ಡಿಗ್ರಿ, ಇನ್ನೊಂದರಲ್ಲಿ ಎದೆ, ಎಂದು ಬಹಳ ವರ್ಷ ತರಗತಿಯಲ್ಲೂ ಇದನ್ನೇ ಹೇಳಿಕೊಂಡು ಬಂದೆ.

ಹೋದ ವರ್ಷ ಅಕ್ಕನ ಬಲಗಾಲು ಮರಗಟ್ಟತೊಡಗಿತು. ಮೊದಮೊದಲು ಸೊಂಟನೋವು ಅಂದಳು, ಆಮೇಲೆ ಪಾದ ಜುಮುಗುಟ್ಟುತ್ತದೆ ಅಂದಳು. ಒಂದು ದಿನ ನಾಲೆಯ ಏರಿಯ ಮೇಲಿಂದ ಮನೆಗೆ ಬಂದಾಗ ಅವಳ ಬಲಗಾಲಿನ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಕಳಚಿಬಿದ್ದಿತ್ತು, ಮುಳ್ಳುಕಲ್ಲಿನ ದಾರಿಯಲ್ಲಿ ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದರೂ ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ನನ್ನ ಭಾವ ಒಳ್ಳೆಯ ಮನುಷ್ಯ, ಹೆಂಡತಿ ಎಂದರೆ ಜೀವ. ಆದರೆ ಕಾಯಿಲೆ ಎಂದರೆ ಅವರಿಗೆ ಮೊದಲು ನೆನಪಾಗುವುದು ಹರಕೆ. ಸೋಮವಾರದ ಅಭಿಷೇಕ, ಬೆಟ್ಟದ ಮೇಲಿನ ಗದ್ದುಗೆಯಿಂದ ತಂದ ವಿಭೂತಿ, ಮಂತ್ರಿಸಿದ ಎಣ್ಣೆ, ಹೀಗೆ ತಿಂಗಳುಗಳು ಕಳೆದವು. ನಾನು ಫೋನಿನಲ್ಲಿ ಕೂಗಾಡಿದೆ. ನರ ಒತ್ತಿದೆ ಭಾವ, ನರಕ್ಕೆ ವಿಭೂತಿ ಹಚ್ಚಕ್ಕಾಗಲ್ಲ ಅಂದೆ. "ನೀವು ಪುಸ್ತಕ ಓದಿದೋರು ಹಂಗೇ ಹೇಳದು ಬುಡಿ" ಎಂದು ಅವರು ಫೋನಿಟ್ಟರು. ಆ ತಿಂಗಳುಗಳನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಧರ್ಮದ ಬಗ್ಗೆ ಮೃದುವಾಗಿ ಬರೆಯುವವರು ಈ ತಿಂಗಳುಗಳ ಲೆಕ್ಕವನ್ನು ಬಿಟ್ಟು ಬರೆಯುತ್ತಾರೆ, ನಾನು ಬಿಡಲಾರೆ.

ಕಡೆಗೆ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಪಾದವನ್ನು ಎತ್ತಿ, ಇಳಿಸಿ, ಸೂಜಿಯಿಂದ ಮುಟ್ಟಿ ನೋಡಿ, ಬೆನ್ನುಮೂಳೆಯ ಎಂಆರ್‌ಐ ಸ್ಕ್ಯಾನ್ ಆಗದೆ ಏನೂ ಹೇಳಲಾರೆ, ತಡಮಾಡಿದರೆ ಈ ಕಾಲು ಪೂರ್ತಿ ಬಿದ್ದುಹೋಗಬಹುದು ಎಂದರು. ಸ್ಕ್ಯಾನಿನ ಕೋಣೆಯ ಬಾಗಿಲಿಗೆ ಆಯುಧಪೂಜೆಯಲ್ಲಿ ಹಚ್ಚಿದ ಅರಿಸಿನ ಕುಂಕುಮ ಹಾಗೇ ಇತ್ತು, ಒಣಗಿದ ಚೆಂಡುಹೂವಿನ ಸರವೂ ಇತ್ತು. ಅದನ್ನು ನೋಡಿ ನಾನು ಒಳಗೊಳಗೇ ನಕ್ಕೆ ಕೂಡ. ಯಂತ್ರ ನೋಡಿಕೊಳ್ಳುವ ಹುಡುಗ ಅಂತರಸಂತೆಯ ಕಡೆಯವನು, ಮೃದು ಮಾತಿನವನು. ಲೋಹದ ವಸ್ತುವೆಲ್ಲ ತೆಗೆಯಬೇಕು ಅಮ್ಮಾ ಅಂದ. ಅಕ್ಕ ಬಳೆ ತೆಗೆದಳು, ಮೂಗುಬೊಟ್ಟು ತೆಗೆದಳು, ಕಾಲುಂಗುರ ತೆಗೆದಳು, ನಾನು ಅಂಜಿದ್ದ ತಾಳಿಯನ್ನೂ ಕಳಚಿ, "ಕಟ್ಟಿದೋರೇ ಇಲ್ಲೇ ಅವ್ರಲ್ಲ, ಇಟ್ಕಳ್ಳಿ" ಎಂದು ಭಾವನ ಕೈಗೆ ಕೊಟ್ಟಳು. ಕರಡಿಗೆಗೆ ಬಂದಾಗ ಕೈ ಅಲ್ಲೇ ನಿಂತಿತು.

"ಇದು ಆಗಕಿಲ್ಲ ಕಣಪ್ಪ" ಎಂದಳು.

ಹುಡುಗ ಒರಟಾಗಿ ಮಾತಾಡಲಿಲ್ಲ. ಅದೂ ತೆಗೆಯಬೇಕು, ಒಳಗೆ ದೊಡ್ಡ ಅಯಸ್ಕಾಂತ ಇದೆ ಅಂದ. ನಾನು ಮೇಷ್ಟ್ರುತನ ಬಿಡದೆ, ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ ಅಂದೆ. "ನೀವು ಹೇಳೋದು ಸರಿ ಸರ್, ಆದ್ರೆ ಬೆಳ್ಳಿ ಪೆಟ್ಟಿಗೆ ಒಳಗಿರೋದು ಏನು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ ವಸ್ತು ಒಳಕ್ಕೆ ಬಿಡಂಗಿಲ್ಲ" ಎಂದ. ಒಂದು ಟ್ರೇಯಲ್ಲಿ ಇಡಿ, ಬೀಗ ಹಾಕುತ್ತೇವೆ ಎಂದೂ ಹೇಳಿದ. ಟ್ರೇ ಎಂಬ ಮಾತು ಕೇಳಿ ಅಕ್ಕ ಅವನನ್ನು ಕನಿಕರದಿಂದ ನೋಡಿದಳು. "ಉಸುರ್ನ ತಗ್ದು ತಟ್ಟೇಲಿ ಮಡಗು ಅಂದ್ರೆ ಮಡಗಾದಾ ಮಗ?" ಎಂದು, ಬಳೆಗಳನ್ನು ಒಂದೊಂದಾಗಿ ಮತ್ತೆ ತೊಟ್ಟುಕೊಂಡು, ಕಾಲೆಳೆದುಕೊಂಡು ಹೊರಗೆ ನಡೆದಳು. ಸ್ಕ್ಯಾನ್ ಆಗಲಿಲ್ಲ.

ಲಿಂಗ ತೆಗೆದಿಡಬಹುದೇ ಎಂದು ಊರಿನ ಗುರು ಅಯ್ಯನವರನ್ನೂ ಅವಳು ಕೇಳಿನೋಡಿದಳಂತೆ. ಅವರು ಒಳ್ಳೆಯವರು, ಮನಸ್ಸು ಒಪ್ಪಿದ ಹಾಗೆ ಮಾಡಿ ತಾಯಿ ಅಂದರಂತೆ. "ನನ್ ಮನ್ಸು ಒಪ್ಪಿದ್ರೆ ನಿಮ್ಮನ್ಯಾಕೆ ಕೇಳಕ್ಬತ್ತಿದ್ದೆ" ಎಂದು ಹೇಳಿ ವಾಪಸು ಬಂದಳಂತೆ.

ಎರಡು ಕೋಣೆಗಳ ನನ್ನ ಸಿದ್ಧಾಂತ ಆ ಸ್ಕ್ಯಾನಿನ ಬಾಗಿಲಲ್ಲಿ ಕುಸಿದುಬಿತ್ತು. ಕೋಣೆಗಳು ಎರಡಿರಬಹುದು, ಆದರೆ ಅವುಗಳಿಗೆ ಹೋಗಿಬರುವ ಮೈ ಒಂದೇ ತಾನೆ. ಅಕ್ಕನ ಬೆನ್ನುಮೂಳೆಯೂ ಅವಳ ಲಿಂಗವೂ ಇರುವುದು ಅದೇ ಒಂದು ಮೈಯಲ್ಲಿ, ಮುಂದೊಂದು, ಹಿಂದೊಂದು. ಡಾಕ್ಟರಿಗೆ ಬೇಕಾದ ಮೈಯೂ ಗುರುವು ಲಿಂಗ ಕಟ್ಟಿದ ಮೈಯೂ ಬೇರೆಬೇರೆಯಲ್ಲ. ಬ್ಯಾರನ್ನಿನ ಯಜಮಾನರ ಒಲೆಗೆ ವಿಭೂತಿ ಹಚ್ಚಿದರೆ ಥರ್ಮಾಮೀಟರ್ ಮುನಿಸಿಕೊಳ್ಳುವುದಿಲ್ಲ, ಆದ್ದರಿಂದ ಅಲ್ಲಿ ರಾಜಿ ಸುಲಭ. ಇಲ್ಲಿ ಒಂದು ಒಳಗೆ ಬರಬೇಕಾದರೆ ಇನ್ನೊಂದು ಹೊರಗಿರಬೇಕಿತ್ತು. ಅಷ್ಟು ವರ್ಷ ನಾನು ಗಟ್ಟಿ ಎಂದುಕೊಂಡಿದ್ದ ಗೋಡೆಗೆ ಯಾರೂ ಒರಗಿ ನೋಡಿರಲಿಲ್ಲ, ಅಷ್ಟೆ.

ಆಗ ನಾನೊಂದು ಉಪಾಯ ಹೂಡಿದೆ. ವಿಜ್ಞಾನದ ಮೇಷ್ಟ್ರು ಮಾತ್ರ ಹೂಡಬಹುದಾದ ಉಪಾಯ. ಗೊತ್ತಿಲ್ಲದ ವಸ್ತು ಎಂದಿದ್ದನಲ್ಲ ಹುಡುಗ, ಗೊತ್ತುಮಾಡಿಕೊಂಡರಾಯಿತು. ಲಿಂಗವೆಂದರೆ ಒಳಗೊಂದು ಸಣ್ಣ ಕಲ್ಲು, ಮೇಲೆ ಕರಿಯ ಲೇಪ. ಅದರಲ್ಲಿ ಕಬ್ಬಿಣದ ಅಂಶವಿಲ್ಲ ಎಂದು ತೋರಿಸಿದರೆ, ಕರಡಿಗೆ ಬಿಟ್ಟು ಬರಿಯ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಲು ಬಿಡುತ್ತೀರಾ ಎಂದು ಕೇಳಬಹುದು. ಶಾಲೆಯ ಲ್ಯಾಬಿನಿಂದ ಲಾಳದಾಕಾರದ ಅಯಸ್ಕಾಂತವನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ಹೊಸ ಅಗ್ರಹಾರದ ಬಸ್ಸು ಹತ್ತಿದೆ. ಅಕ್ಕ ಆಗತಾನೆ ಸ್ನಾನ ಮುಗಿಸಿ ಪೂಜೆಗೆ ಕೂತಿದ್ದಳು. ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ನೀರು, ವಿಭೂತಿ, ಒಂದು ಪತ್ರೆ ಏರಿಸಿ ಅದನ್ನೇ ನೋಡುತ್ತಾ ಕೂರುವುದು ಅವಳ ಪೂಜೆ. ಮುಗಿಯುವವರೆಗೆ ಕಾದೆ. ಆಮೇಲೆ ವಿಷಯ ಹೇಳಿದೆ. ಅವಳು ಬೇಡವೆನ್ನಲಿಲ್ಲ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಅದರ ದಾರವನ್ನು ತಾನೇ ಹಿಡಿದು ತೂಗಿಬಿಟ್ಟಳು. ಅದು ತೂಗಾಡುವುದು ನಿಲ್ಲುವವರೆಗೆ ಕಾದು, ನಾನು ಅಯಸ್ಕಾಂತವನ್ನು ಮೆಲ್ಲಗೆ ಹತ್ತಿರ ತಂದೆ.

ಲಿಂಗ ಅಯಸ್ಕಾಂತದ ಕಡೆಗೆ ವಾಲಿತು. ಬಹಳವಲ್ಲ, ಆದರೆ ಯಾರ ಕಣ್ಣಿಗೂ ಕಾಣುವಷ್ಟು. ನಾನು ಹಿಂದಕ್ಕೆ ಸರಿಸಿದೆ, ಅದೂ ನೆಟ್ಟಗಾಯಿತು; ಮತ್ತೆ ತಂದೆ, ಮತ್ತೆ ವಾಲಿತು. ಆ ಕರಿಯ ಲೇಪಕ್ಕೆ ಹಿಂದಿನವರು ಏನೇನೋ ಬೆರೆಸಿದ್ದರಲ್ಲಿ ಕಬ್ಬಿಣದ ಪುಡಿಯೂ ಇತ್ತೆಂದು ಕಾಣುತ್ತದೆ. ನನ್ನ ಮುಖ ಸಪ್ಪೆಯಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾವನ ಮುಖ ಊರಗಲವಾಯಿತು.

"ನೋಡುದ್ರಾ ಮೇಷ್ಟ್ರೆ, ಶಕ್ತಿ ಅಂದ್ರೆ ಇದು. ನಿಮ್ ಲ್ಯಾಬಿಂದೇ ಒಪ್ಕಂಡ್ಬುಡ್ತು" ಎಂದರು.

ಇಲ್ಲ ಭಾವ, ಇದು ಕಬ್ಬಿಣ ಅಂದೆ. "ಕಬ್ಣ ಅಂತ ನೀವ್ ಕರೀತೀರ, ನಾವು ಶಕ್ತಿ ಅಂತೀವಿ" ಎಂದು ಅವರು ಆಗಲೇ ಜಗಲಿಗೆ ಹೋಗಿ ಅಕ್ಕಪಕ್ಕದವರನ್ನು ಕರೆಯತೊಡಗಿದ್ದರು. ಅಕ್ಕ ಮಾತ್ರ ಲಿಂಗವನ್ನು ಮತ್ತೆ ಅಂಗೈಗೆ ತೆಗೆದುಕೊಂಡಳು. ಆಮೇಲೆ, "ಇಷ್ಟು ಜೀವ ಇರಾದ್ನ ತಗ್ದು ನಾನು ಎಲ್ಲಿ ಮಡಗ್ಲಿ, ನೀನೇ ಹೇಳು" ಎಂದಳು. ಅವಳನ್ನು ಸ್ಕ್ಯಾನಿನ ಒಳಗೆ ಕಳಿಸಲೆಂದು ತಂದ ಅಯಸ್ಕಾಂತ, ಅವಳ ಕೈಯಲ್ಲಿ ಲಿಂಗವನ್ನು ಇನ್ನಷ್ಟು ಬಿಗಿಮಾಡಿ ಹೋಯಿತು. ನನ್ನ ಪ್ರಯೋಗದಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ತರಬಾರದ ಮನೆಗೆ ತಂದಿದ್ದೆ.

ಸಂಜೆಯ ಹೊತ್ತಿಗೆ ಭಾವನ ವಾಟ್ಸಾಪಿನಲ್ಲಿ, ಅವರು ಬಾಗಿಲಲ್ಲಿ ನಿಂತೇ ತೆಗೆದಿದ್ದ, ಅಯಸ್ಕಾಂತ ಹಿಡಿದ ನನ್ನ ಫೋಟೋ ಹರಿದಾಡಿತು, 'ವಿಜ್ಞಾನಿಯೇ ಒಪ್ಪಿದ ಸತ್ಯ' ಎಂಬ ತಲೆಬರಹದ ಜೊತೆಗೆ. ಹೀಗೆ ಒಂದು ಹಗಲಿನಲ್ಲಿ ನಾನು ಮೇಷ್ಟ್ರಿಂದ ವಿಜ್ಞಾನಿಯಾದೆ. ನಗಬಹುದಿತ್ತು, ನಗು ಬರಲಿಲ್ಲ. ದೇವರಿಗೆ ವಿಜ್ಞಾನದ ಸರ್ಟಿಫಿಕೇಟು ತರಲು ಓಡಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ತೀರ್ಥದಲ್ಲಿ ಇಂಥ ಖನಿಜ, ಗಂಟೆಯ ನಾದದಲ್ಲಿ ಇಂಥ ತರಂಗ, ವಿಭೂತಿಯಲ್ಲಿ ಇಂಥ ಔಷಧ ಎಂದು ಇವರು ಹೇಳುವುದು ಭಕ್ತಿಯಿಂದಲ್ಲ, ಅನುಮಾನದಿಂದ. ತನ್ನ ದೇವರು ತಾನೇ ನಿಲ್ಲಲಾರ ಎಂಬ ಭಯ ಇರುವವನಿಗೆ ತಾನೆ ಊರುಗೋಲು ಬೇಕಾಗುವುದು. ಇತ್ತ ಕಡೆ ನನ್ನಂಥವರೂ ಅದೇ ಕೋಲನ್ನು ಹಿಡಿದಿರುತ್ತೇವೆ, ಊರಲಿಕ್ಕಲ್ಲ, ಹೊಡೆಯಲಿಕ್ಕೆ. ಕಲ್ಲಿನಲ್ಲಿ ಕಬ್ಬಿಣವಿಲ್ಲ ಎಂದು ತೋರಿಸಿದ್ದರೆ ಅದು ಬರಿಯ ಕಲ್ಲು ಎಂದು ಅಕ್ಕನಿಗೆ ಹೇಳುವ ಆಸೆ ನನ್ನ ಮನಸ್ಸಿನ ಮೂಲೆಯಲ್ಲಿ ಇರಲಿಲ್ಲವೇ? ಇತ್ತು. ಅಕ್ಕನಿಗೆ ಭಾವನ ಸಾಕ್ಷಿಯೂ ಬೇಕಿರಲಿಲ್ಲ, ನನ್ನ ಸಾಕ್ಷಿಯೂ ಬೇಕಿರಲಿಲ್ಲ. ಲಿಂಗ ವಾಲುವುದಕ್ಕೆ ಮುಂಚೆ ಅವಳು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಳು, ವಾಲಿದ ಮೇಲೂ ಹಾಗೆಯೇ ಹಿಡಿದು ಕೂತಳು.

ಮತ್ತೆ ಕೆಲವು ದಿನ ಹೋದವು. ಕಾಲಿನ ಸಂಗತಿ ಯಾರೂ ಎತ್ತಲಿಲ್ಲ. ನನಗೆ ಪಾಠ ಮಾಡುವಾಗಲೂ ಅದೇ ಯೋಚನೆ. ಬೋರ್ಡಿನ ಮೇಲೆ ಅಯಸ್ಕಾಂತದ ಬಲರೇಖೆಗಳನ್ನು ಬರೆದು, ಮಕ್ಕಳ ಕಡೆ ತಿರುಗಿದರೆ ಮಾತು ಮರೆತುಹೋಗುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಅಕ್ಕನೇ ಫೋನು ಮಾಡಿದಳು. ಅನ್ನದ ಗಂಜಿ ಬಸಿಯುವಾಗ ಪಾತ್ರೆ ಜಾರಿ ಕುದಿಯುವ ಗಂಜಿ ಬಲಗಾಲ ಮೇಲೆ ಬಿದ್ದಿತ್ತಂತೆ. ಅವಳಿಗೆ ಗೊತ್ತಾದದ್ದು ನೆಲ ಒದ್ದೆಯಾದದ್ದನ್ನು ನೋಡಿದ ಮೇಲಂತೆ. ಪಾದವೆಲ್ಲ ಬೊಬ್ಬೆ. "ನೋಯ್ಲೇ ಇಲ್ಲ ಕಣ್ಲಾ" ಎಂದಳು, ಆ ಮಾತಿನಲ್ಲಿದ್ದ ಭಯವನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. "ನೋಯ್ಬೇಕಾಗಿತ್ತಲ್ವಾ. ನೋಯ್ಲೇ ಇಲ್ಲ. ಬಾ, ಓಗ್ಬರಾನ." ಕರಡಿಗೆಯ ಮಾತು ಅವಳೂ ಆಡಲಿಲ್ಲ, ನಾನೂ ಕೇಳಲಿಲ್ಲ, ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ನನಗೆ ದಿಗಿಲು.

ಸುಟ್ಟ ಗಾಯ ಮಾಗಲು ಶುರುವಾದ ಮೇಲೆ ಮತ್ತೆ ಅದೇ ಬಾಗಿಲು, ಅದೇ ಹುಡುಗ. ಬಳೆ, ಮೂಗುಬೊಟ್ಟು, ಕಾಲುಂಗುರ, ತಾಳಿ, ಎಲ್ಲವೂ ಭಾವನ ಕರ್ಚೀಫಿನೊಳಗೆ ಹೋದವು. ಆಮೇಲೆ ಅಕ್ಕ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಕರಡಿಗೆಯನ್ನು ಬಿಚ್ಚಿ, ಒಳಗಿನಿಂದ ಲಿಂಗವನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಕೊಡು ಎಂದು ಭಾವ ಕೈಚಾಚಿದರು. ಅವಳು ಅವರನ್ನು ದಾಟಿ ನನ್ನ ಎಡಗೈಯನ್ನು ಎಳೆದುಕೊಂಡು, ಮುಷ್ಟಿ ಬಿಡಿಸಿ, ಅಂಗೈ ನಡುವೆ ಲಿಂಗವನ್ನಿಟ್ಟಳು.

"ಜೇಬ್ಗೆ ಆಕ್ಬ್ಯಾಡ. ಕೆಳೀಕ್ ಮಡಗ್ಬ್ಯಾಡ. ನಾನ್ ಬರಗಂಟ ಹಿಂಗೇ ಹಿಡ್ಕಂಡಿರು" ಎಂದಳು.

"ಅಕ್ಕ, ನಾನು ನಂಬೋನಲ್ಲ ಅಂತ ನಿಂಗೆ ಗೊತ್ತು."

"ನಿನ್ ನಂಬ್ಕೆ ಯಾರ್ ಕೇಳುದ್ರು? ನಿನ್ ಮೈ ನಾನು ಎತ್ತಾಡ್ಸಿದ್ದು. ಕೈ ಬೆಚ್ಗದಲ್ಲ, ಅದಕ್ಕೆ ಅಷ್ಟು ಸಾಕು" ಎಂದು ಆ ಹುಡುಗನ ತೋಳು ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಓದುಗ ಮಿತ್ರರೇ, ಅಂಗೈ ಚಾಚಿಕೊಂಡು ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂರುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ. ಮೊದಲು ನನಗೆ ಬರಿಯ ಮುಜುಗರ. ಎದುರು ಬೆಂಚಿನಲ್ಲಿದ್ದ ಮುದುಕಿಯೊಬ್ಬರು ನನ್ನ ಕೈಯಲ್ಲಿರುವುದನ್ನು ಕಂಡವರೇ ತಲೆಯ ಮೇಲೆ ಸೆರಗೆಳೆದುಕೊಂಡು, ತಮ್ಮ ಚಪ್ಪಲಿಗಳನ್ನು ಬೆಂಚಿನ ಅಡಿಗೆ ಸರಿಸಿದರು. ಅಮ್ಮಾ, ನಾನು ಅಂಥವನಲ್ಲ ಎಂದು ಹೇಳಬೇಕೆನ್ನಿಸಿತು. ಆದರೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನು ನಂಬುವುದಿಲ್ಲ ಎಂದು ಯಾರಿಗಾದರೂ ವಿವರಿಸುವುದು ಹೇಗೆ? ಅಷ್ಟರಲ್ಲಿ ಬಾಗಿಲ ಆಚೆಯಿಂದ ಯಂತ್ರದ ಸದ್ದು ಶುರುವಾಯಿತು. ಗೋಡೆಯನ್ನು ಸುತ್ತಿಗೆಯಿಂದ ಬಡಿಯುವಂಥ, ಬಿಡದ, ಒರಟು ಸದ್ದು.

ಆ ಯಂತ್ರ ಏನು ಮಾಡುತ್ತದೆಂದು ನನಗೆ ಗೊತ್ತು. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜಗಳನ್ನು ಅದರ ದೊಡ್ಡ ಅಯಸ್ಕಾಂತ ಒಂದು ದಿಕ್ಕಿಗೆ ಸಾಲುಗೊಳಿಸುತ್ತದೆ. ಆಮೇಲೆ ರೇಡಿಯೋ ಅಲೆಯಿಂದ ಅವನ್ನು ತುಸು ತಟ್ಟಿ, ಅವು ತಮ್ಮ ಸಾಲಿಗೆ ಮರಳುವಾಗ ಹೊರಡಿಸುವ ಕ್ಷೀಣ ದನಿಯನ್ನು ಆಲಿಸಿ, ಒಳಗಿನ ಚಿತ್ರ ಬರೆಯುತ್ತದೆ. ಕತ್ತಿಯಿಲ್ಲ, ರಕ್ತವಿಲ್ಲ, ಬರಿದೆ ಕೇಳಿಸಿಕೊಳ್ಳುವುದು. ಮನುಷ್ಯ ಇದನ್ನು ಕಂಡುಹಿಡಿದನಲ್ಲ ಎಂದು ಪ್ರತಿ ಸಲ ಪಾಠ ಮಾಡುವಾಗಲೂ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳಿಗೆ ಇನ್ನೊಮ್ಮೆ ಹೇಳುತ್ತೇನೆ. ಅಕ್ಕನ ಕಾಲನ್ನು ಉಳಿಸುವುದಾದರೆ ಇದು ಉಳಿಸಬೇಕು, ನನ್ನ ಕೈಯಲ್ಲಿರುವುದಲ್ಲ. ಈ ಮಾತಿನಲ್ಲಿ ಅಂದೂ ನನಗೆ ಅನುಮಾನವಿರಲಿಲ್ಲ, ಇಂದೂ ಇಲ್ಲ. ಎರಡೂ ಒಂದೇ, ದಾರಿ ಬೇರೆ ಅಷ್ಟೆ ಎಂಬ ಸವಿಮಾತನ್ನು ನಾನು ಒಪ್ಪಲಾರೆ. ಒಂದೇ ಅಲ್ಲ. ಯಂತ್ರ ಹೇಳಿದ್ದು ತಪ್ಪಾದರೆ ಇನ್ನೊಬ್ಬ ಅದನ್ನು ಹಿಡಿದು ತಿದ್ದಬಹುದು, ತಿದ್ದಲೇಬೇಕು. ಭಾವನ ಹರಕೆಯ ತಿಂಗಳುಗಳನ್ನು ಯಾರೂ ತಿದ್ದಿಕೊಡಲಿಲ್ಲ.

ಆದರೆ ಅಲ್ಲಿ ಕೂತಿದ್ದ ನನಗೆ ಭಯವಾಗುತ್ತಿತ್ತು, ಮತ್ತು ಆ ಭಯವನ್ನು ಎಲ್ಲಿಡಬೇಕೆಂದು ವಿಜ್ಞಾನ ನನಗೆ ಕಲಿಸಿರಲಿಲ್ಲ. ಕಲಿಸಬೇಕಿತ್ತು ಎಂದು ದೂರುತ್ತಿಲ್ಲ, ಅದರ ಕೆಲಸ ಅದಲ್ಲ. ಅಕ್ಕ ಆ ಕೊಳವೆಯೊಳಗೆ ಒಬ್ಬಳೇ ಮಲಗಿದ್ದಾಳೆ, ಬರಿಗೊರಳಲ್ಲಿ, ಹುಟ್ಟಿದ ದಿನದಿಂದ ಇವತ್ತಿನವರೆಗೆ ಒಂದು ಗಳಿಗೆಯೂ ಮೈ ಬಿಟ್ಟಿರದಿದ್ದುದನ್ನು ಬಿಟ್ಟು. ಅವಳು ಅಲ್ಲಿ ಅಲುಗಾಡದೆ ಮಲಗಬೇಕಾದರೆ ನಾನು ಇಲ್ಲಿ ಇದನ್ನು ಕೆಳಗಿಡಬಾರದು. ಇದು ನಂಬಿಕೆಯ ಮಾತಲ್ಲ, ಒಪ್ಪಿಕೊಂಡ ಕೆಲಸದ ಮಾತು. ತೋಳು ಸೆಳೆಯತೊಡಗಿತು, ಬಲಗೈಯನ್ನು ಅಡಿಗೆ ಕೊಟ್ಟೆ. ಅಂಗೈ ಬೆವೆತಿತು. ಜೇಬಿನಲ್ಲಿ ಫೋನು ಕೂಗಿ ಕೂಗಿ ನಿಂತಿತು. ಮೊದಲು ತಣ್ಣಗಿದ್ದ ಲಿಂಗ ಬರಬರುತ್ತಾ ನನ್ನ ಕೈಯಷ್ಟೇ ಬೆಚ್ಚಗಾಯಿತು, ಆಮೇಲೆ ಎಲ್ಲಿ ಅಂಗೈ ಮುಗಿದು ಎಲ್ಲಿ ಲಿಂಗ ಶುರುವಾಗುತ್ತದೆಂದು ಕಣ್ಣು ಮುಚ್ಚಿದರೆ ತಿಳಿಯುತ್ತಿರಲಿಲ್ಲ. ಇದಕ್ಕೂ ಕಾರಣ ಗೊತ್ತಿರುವವನೇ ನಾನು, ಉಷ್ಣ ಹರಿಯುವ ಪಾಠವನ್ನು ಹತ್ತಾರು ತರಗತಿಗೆ ಮಾಡಿದ್ದೇನೆ. ಕಾರಣ ಗೊತ್ತಿದ್ದರೂ ಕಣ್ಣು ತೇವವಾಯಿತು.

ಚಿತ್ರ ಬಂತು. ಸೊಂಟದ ಬಳಿ ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರವನ್ನು ಅಮುಕಿತ್ತು. ಆಪರೇಷನ್ ಆಗಬೇಕು, ಕಾಲು ಉಳಿಯಬಹುದು, ಎಷ್ಟು ಉಳಿಯುತ್ತದೆಂದು ಈಗಲೇ ಹೇಳಲಾರೆ, ಮುಂಚೆಯೇ ಬಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಭಾವ ನೆಲ ನೋಡಿದರು. ನಾನು ಹೇಳಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟಿದ್ದ ಮಾತುಗಳನ್ನೆಲ್ಲ ಅವರ ಮುಖ ನೋಡಿ ಬಿಟ್ಟು, ಆಪರೇಷನ್ ಯಾವತ್ತು ಎಂದು ಡಾಕ್ಟರನ್ನು ಕೇಳಿದೆ.

ಆಪರೇಷನ್ನಿನ ದಿನವೂ ಅಕ್ಕ ನನ್ನ ಮುಷ್ಟಿಯನ್ನೇ ಬಿಡಿಸಿ ಲಿಂಗವನ್ನಿಟ್ಟಳು. ಭಾವ ತಾವು ಹಿಡಿದುಕೊಳ್ಳುವುದಾಗಿ ಹೇಳಿದಾಗ, "ನೀವು ಸುಮ್ಕಿರಾಕಿಲ್ಲ, ಅದು ಕೊಡು ಇದು ಕೊಡು ಅಂತ ಬೇಡ್ಬೇಡಿ ಅದ್ನ ಸುಸ್ತು ಮಾಡ್ಬುಡ್ತೀರಿ" ಎಂದಳು, ಸ್ಟ್ರೆಚರಿನ ಮೇಲೆ ಮಲಗಿದವಳು. ನರ್ಸ್ ಹುಡುಗಿಗೆ ನಗು ಬಂತು. ಸ್ಕ್ಯಾನಿನ ಹಾಗಲ್ಲ, ಇದು ಬಹಳ ಹೊತ್ತು. ನಡುವೆ ನಾನು ಎದ್ದು ಹೋಗಲೇಬೇಕಾಯಿತು. ಆಗ ಭಾವನ ಕಡೆ ತಿರುಗಿದೆ, ಅವರು ಎಡಗೈ ಚಾಚಿದರು. ವಾಪಸು ಬಂದಾಗ ಅವರು ನಾನು ಕೂತಿದ್ದ ಹಾಗೇ ಕೂತಿದ್ದರು, ತುಟಿ ಅಲುಗುತ್ತಿರಲಿಲ್ಲ. ಕೊಡಿ ಅನ್ನಲು ಮನಸ್ಸಾಗದೆ ಅವರ ಪಕ್ಕ ಕೂತೆ. ಆಮೇಲೆ ಸರದಿಯ ಮೇಲೆ ಹಿಡಿದೆವು, ಬೆಚ್ಚಗಿನ ಕೈಯಿಂದ ಬೆಚ್ಚಗಿನ ಕೈಗೆ. ಶಕ್ತಿಯ ಮಾತು ಅವರೂ ಎತ್ತಲಿಲ್ಲ, ಕಬ್ಬಿಣದ ಮಾತು ನಾನೂ ಎತ್ತಲಿಲ್ಲ.

ಮಾರನೆಯ ದಿನ ಬೆಳಗ್ಗೆ ಡಾಕ್ಟರು ಬಂದು ಹೊದಿಕೆ ಸರಿಸಿ, ಎಲ್ಲಿ, ಹೆಬ್ಬೆರಳನ್ನು ನೀವೇ ಎತ್ತಿ ನೋಡೋಣ ಅಮ್ಮಾ ಎಂದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಕ್ಕನ ಹೆಬ್ಬೆರಳು ಒಂದಿಷ್ಟು ಮೇಲೆದ್ದು ಮತ್ತೆ ಬಿತ್ತು. ಡಾಕ್ಟರು ಪಾದದ ಮೇಲೆ ಬೆರಳಿಂದ ಗೀರಿ, ಗೊತ್ತಾಗುತ್ತಾ ಎಂದು ಕೇಳಿದರು. "ಊಂ, ಉರೀತದೆ" ಎಂದಳು ಅಕ್ಕ, ಆ ಸುಟ್ಟ ಗಾಯದ ನೋವು ಅವಳಿಗೆ ಆಗ ಮೊದಲ ಸಲ ತಲುಪಿತ್ತು. ಭಾವ ಅತ್ತುಬಿಟ್ಟರು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಪೂರ್ತಿ ಬರದೇ ಇರಬಹುದು, ನೋಡೋಣ ಎಂದು ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅಕ್ಕನ ಒಂದು ಕೈಗೆ ಡ್ರಿಪ್ಪಿನ ಸೂಜಿ ಇತ್ತು, ಇನ್ನೊಂದು ಕೈಯನ್ನು ಅವಳು ಕತ್ತಿನವರೆಗೆ ಎತ್ತಲಾರದಾಗಿದ್ದಳು. ಲಿಂಗವನ್ನು ಒಳಗಿಟ್ಟು, ಕರಡಿಗೆಯ ದಾರವನ್ನು ನಾನೇ ಅವಳ ಕೊರಳ ಹಿಂದೆ ಹಾಯಿಸಿ ಗಂಟು ಹಾಕಿದೆ. ಗಂಟು ಬಿಗಿಯುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಷ್ಟೊತ್ತು ಹಿಡ್ಕಂಡಿದ್ದಲ್ಲ, ಏನ್ ಬೇಡ್ಕಂಡೆ?" ಎಂದು ಕೇಳಿದಳು.

ಏನಾದರೂ ಹೇಳಿ ಅವಳನ್ನು ಖುಷಿಪಡಿಸಬಹುದಿತ್ತು. ಆದರೆ ಅವಳಿಗೆ ನಾನು ಸುಳ್ಳು ಹೇಳಿದವನಲ್ಲ.

"ಏನೂ ಬೇಡ್ಕಳ್ಳಿಲ್ಲ ಕಣಕ್ಕ" ಅಂದೆ. "ಬಿದ್ದೋಗ್ದಂಗೆ ಹಿಡ್ಕಂಡಿದ್ದೆ, ಅಷ್ಟೇಯ."

ಅಕ್ಕ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು ಕಣ್ಣುಮುಚ್ಚಿದಳು. ನಿದ್ದೆ ಬಂತೆಂದು ಹೊದಿಕೆ ಎಳೆಯಹೋದೆ.

"ನಾನೂ ದಿನಾ ಅಷ್ಟೇ ಕಣ್ಲಾ ಮಾಡಾದು" ಎಂದಳು.